ಕಲ್ಮಕ್ಕಿಗೆ ಬಂದ ಸಂಖ್ಯಾಶಾಸ್ತ್ರ

ಕಲ್ಮಕ್ಕಿ, ಹೊಸನಗರ ತಾಲ್ಲೂಕು
೧೧ ಫೆಬ್ರುವರಿ ೨೦೨೪

ದೀಪಾ,

ಕಾಗದ ಕಂಡು ಗಾಬರಿ ಬೀಳಬೇಡ, ಮನೆಯಲ್ಲಿ ಎಲ್ಲ ಸರಿಯಾಗಿದೆ. ಫೋನ್ ಮಾಡಬೇಕೆಂದರೆ ಗುಡ್ಡದ ನೆತ್ತಿಗೆ ಹೋಗಬೇಕು. ಈಗ ಅಲ್ಲಿಗೆ ಹತ್ತುವಷ್ಟು ಪುರುಸೊತ್ತಿಲ್ಲ. ಈ ವರ್ಷ ಆಶಾ ಕಾರ್ಯಕರ್ತೆಯರಿಗೆ ಕೆಲಸ ಜಾಸ್ತಿ.

ನಿನ್ನಿಂದ ಒಂದು ಕೆಲಸ ಆಗಬೇಕಿತ್ತು. ನಮ್ಮ ಆಸ್ಪತ್ರೆಯ ಸಿಸ್ಟರ್ ಒಬ್ಬರಿಗೆ ಸ್ಟಾಟಿಸ್ಟಿಕ್ಸ್ ಕಲಿಯಬೇಕೆಂದು ಆಸೆಯಾಗಿದೆ. ಏನೂ ಗೊತ್ತಿಲ್ಲದವರಿಗೆ ಅ ಆ ಇ ಈಯಿಂದ ಹೇಳಿಕೊಡುವಂಥದ್ದು ಬೇಕು. ದುಡ್ಡು ಕಟ್ಟಿ ಸೇರುವ ಕ್ಲಾಸು ಬೇಡವಂತೆ. ನೆಟ್‌ನಲ್ಲಿ ಪುಕ್ಕಟೆ ಪಾಠದ ವಿಡಿಯೊಗಳು ಇರುತ್ತವಲ್ಲ, ಅವು. ನೀನು ಬಿ.ಕಾಂ.ನಲ್ಲಿ ಅದನ್ನೇ ಓದುತ್ತಿರುವುದರಿಂದ ಯಾವುದು ಕಾಳು, ಯಾವುದು ಜಳ್ಳು ಎಂದು ನಿನಗೆ ಗೊತ್ತಾಗುತ್ತದೆ. ಅವರ ಮನೆಯಲ್ಲೂ ನೆಟ್‌ವರ್ಕ್ ಇಲ್ಲ. ಒಂದು ಮೆಮೊರಿ ಕಾರ್ಡಿಗೆ ತುಂಬಿಸಿ, ಕಾಗದದೊಳಗೆ ಸುತ್ತಿ, ನಮ್ಮ ಬಸ್ಸಿನ ಕಂಡಕ್ಟರ್ ಅಭಿಷೇಕನ ಕೈಯಲ್ಲಿ ಕೊಡು. ಜೋಪಾನವಾಗಿ ತಂದು ಕೊಡುತ್ತಾನೆ.

ಅಪ್ಪ ಜೋಗದ ಕ್ಯಾಂಟೀನಿನಲ್ಲೇ ಇದ್ದಾರೆ. ಹೋದ ವಾರ ಬಂದಿರಲಿಲ್ಲ.

ಅವ್ವ


ಸಾಗರ
೧೮ ಫೆಬ್ರುವರಿ ೨೦೨೪

ಅವ್ವಾ,

ಯಾವ ಸಿಸ್ಟರ್? ನನಗೆ ಗೊತ್ತಿರುವವರೇನು? ಇರುವ ಅಷ್ಟೂ ವಿಷಯ ಬಿಟ್ಟು ಅವರಿಗೆ ಸ್ಟಾಟಿಸ್ಟಿಕ್ಸೇ ಯಾಕೆ ಬೇಕಾಯಿತು?

ಇರಲಿ. ಮೊದಲು ಕನ್ನಡದಲ್ಲಿ ಸಿಗಬಹುದೆಂದು 'ಸಂಖ್ಯಾಶಾಸ್ತ್ರ' ಎಂದು ಹುಡುಕಿದೆ. ಬಂದವರೆಲ್ಲ ಹಣೆಗೆ ಗಂಧ ಹಚ್ಚಿಕೊಂಡ ಗುರೂಜಿಗಳು. ಹುಟ್ಟಿದ ತಾರೀಕು ಕೂಡಿಸಿದರೆ ಮದುವೆ ಯಾವಾಗ, ಹೆಸರಿಗೆ ಒಂದು ಅಕ್ಷರ ಸೇರಿಸಿದರೆ ಕೆಲಸ ಸಿಗುತ್ತದೋ ಇಲ್ಲವೋ, ಇದೇ ಶಾಸ್ತ್ರ. ನನ್ನ ಕ್ಲಾಸಿನ ಲಿಖಿತಾ ಪಕ್ಕದಲ್ಲಿ ಕೂತು ನಕ್ಕಿದ್ದೇ ನಕ್ಕಿದ್ದು. ಆಮೇಲೆ ಇಂಗ್ಲಿಷಿನಲ್ಲಿ ಹುಡುಕಿದೆ. ಹೆಚ್ಚು ಜನ ನೋಡಿದ ಪಾಠಗಳನ್ನು ಈ ಕಾರ್ಡಿಗೆ ಹಾಕಿದ್ದೇನೆ. ವಿದೇಶದ ಪ್ರೊಫೆಸರುಗಳು, ಬಹಳ ಚೆನ್ನಾಗಿರುತ್ತದಂತೆ.

ನಮ್ಮ ರಿಸಲ್ಟ್ ಇನ್ನೂ ಬಂದಿಲ್ಲ.

ದೀಪಶ್ರೀ


ಕಲ್ಮಕ್ಕಿ
೩ ಮಾರ್ಚ್ ೨೦೨೪

ದೀಪಾ,

ಕಾರ್ಡು ಬಂತು. ಆ ಪ್ರೊಫೆಸರ್ ಒಳ್ಳೆಯವರ ಹಾಗೆ ಕಾಣುತ್ತಾರೆ, ಆದರೆ ಮಾತು ಗಂಟಲಲ್ಲೇ ಉಳಿಯುತ್ತದೆ. ಜೊತೆಗೆ ಎಲ್ಲ ಪಾಠವೂ ಇಸ್ಪೀಟಿನ ಎಲೆಯದು. ಕೆಂಪು ಎಲೆ ಬರುವ ಸಾಧ್ಯತೆ ಎಷ್ಟು, ರಾಣಿ ಬರುವ ಸಾಧ್ಯತೆ ಎಷ್ಟು ಅಂತ. ಇಷ್ಟನ್ನು ನಿನ್ನ ಅಪ್ಪನನ್ನು ಕೇಳಿದ್ದರೆ ಕ್ಯಾಂಟೀನಿನಲ್ಲೇ ಹೇಳಿಬಿಡುತ್ತಿದ್ದರು. ಮೊದಲನೆಯ ಪಾಠವನ್ನು ಮೂರು ಸಲ ನೋಡಿದೆ, ಅಂದರೆ ಸಿಸ್ಟರ್ ನೋಡಿದರಂತೆ. ಸರಾಸರಿ ಎನ್ನುವುದು ಅರ್ಥವಾಯಿತು. ಹತ್ತು ಮನೆಯವರಿಗೆ ಒಂದೊಂದು ಹಸು, ಅಂಗಡಿ ಯೋಗರಾಜನಿಗೊಬ್ಬನಿಗೇ ಮೂವತ್ತು ಎಂದಾದರೆ, ಊರಿನ ಸರಾಸರಿ ಹಿಡಿದು ಬೇರೆಯವರ ಕೊಟ್ಟಿಗೆಯ ಅಳತೆ ಹೇಳಲು ಬರುವುದಿಲ್ಲ, ಅಲ್ಲವೇ?

ಅವರಿಗೆ ಬೇಕಾಗಿರುವುದು ಬೇರೆ. ಎರಡು ಗುಂಪಿನ ಜನ ಇದ್ದಾರೆ ಎಂದುಕೋ. ಒಂದು ಗುಂಪು ಒಂದು ಔಷಧಿ ತೆಗೆದುಕೊಂಡಿದೆ, ಇನ್ನೊಂದು ತೆಗೆದುಕೊಂಡಿಲ್ಲ. ಔಷಧಿಯಿಂದ ಉಪಯೋಗ ಆಯಿತೋ ಇಲ್ಲವೋ ಎಂದು ಹೇಗೆ ತಿಳಿಯುವುದು? ಅಂಥ ಪಾಠ ಹುಡುಕು. ಕನ್ನಡದಲ್ಲಿ ಸಿಕ್ಕರೆ ಒಳ್ಳೆಯದು.

ಮತ್ತೊಂದು ಮಾತು. ಈ ರಜೆಗೆ ಊರಿಗೆ ಬರಬೇಡ. ಜೋಗಕ್ಕೆ ಅಪ್ಪನ ಹತ್ತಿರ ಹೋಗು. ಯಾಕೆ ಎಂದು ಕೇಳಬೇಡ, ಇಲ್ಲಿ ನಿನಗೆ ಬೇಜಾರು.

ಅವ್ವ


ಸಾಗರ
೧೨ ಮಾರ್ಚ್ ೨೦೨೪

ಅವ್ವಾ,

ಬರಬೇಡ ಎಂದ ಮೇಲೆ ಬರುವುದಿಲ್ಲ.

ಕನ್ನಡದ ಪಾಠಗಳು ಸಿಕ್ಕಿವೆ, ಕಳಿಸಿದ್ದೇನೆ. ಒಬ್ಬರು ಗೈಡ್ ಹಿಡಿದುಕೊಂಡು ಸೂತ್ರ ಓದುತ್ತಾರೆ. 'ಇದು ಐದು ಅಂಕಕ್ಕೆ ಬರುತ್ತೆ, ಬರೆದುಕೊಳ್ಳಿ' ಎನ್ನುತ್ತಾರೆ. ಕ್ಲಾಸಿನಲ್ಲಿ ನಮಗೂ ಹೀಗೇ ಆಗುವುದು. ಸಿಸ್ಟರ್‌ಗೆ ಇಷ್ಟವಾಗಬಹುದು.

ಒಂದು ವಿಷಯ ತಿಳಿಯಬೇಕಿದ್ದರೆ ಮಗಳನ್ನು ನೇರವಾಗಿ ಕೇಳಬಹುದಿತ್ತು. ಸುತ್ತಿ ಬಳಸಿ ಚುಚ್ಚುವ ಅಗತ್ಯವಿರಲಿಲ್ಲ. ಮನೆಗೂ ಬರಬಾರದು ಎನ್ನುವಷ್ಟು ನಾನು ಏನು ಮಾಡಿದ್ದೇನೆ?

ದೀಪಶ್ರೀ


ಕಲ್ಮಕ್ಕಿ
೨೪ ಮಾರ್ಚ್ ೨೦೨೪

ಮಗಾ,

ನಿನ್ನ ಕಾಗದವನ್ನು ಓದಿ ಓದಿ ಇಟ್ಟೆ, ತಲೆಬುಡ ತಿಳಿಯಲಿಲ್ಲ. ನಾನೇನು ಚುಚ್ಚಿದೆ ಎಂದು ಯೋಚಿಸಿದ್ದೇ ಯೋಚಿಸಿದ್ದು. ಮೊನ್ನೆ ತೀರ್ಥಹಳ್ಳಿಯಲ್ಲಿ ಆಶಾಗಳಿಗೆ ತರಬೇತಿ ಇತ್ತು. ಊಟದ ಹೊತ್ತಿನಲ್ಲಿ ಲಿಖಿತಾಳ ಅಮ್ಮ ಸಿಕ್ಕಿದರು. 'ನಮ್ಮವಳದ್ದೂ ನಿಮ್ಮವಳದ್ದೂ ಅದೊಂದೇ ಪೇಪರ್ ಉಳ್ಕಂಡಿದ್ಯಂತೆ ನೋಡಿ, ಆ ಸ್ಟಾಟಿಸ್ಟಿಕ್ಸು' ಎಂದರು. ನಾನು ಗೊತ್ತಿದ್ದವಳ ಹಾಗೆ ತಲೆಯಾಡಿಸಿದೆ. ಊಟ ಮಾತ್ರ ಅರ್ಧಕ್ಕೇ ಬಿಟ್ಟು ಎದ್ದೆ.

ನೀನು ಫೇಲಾದದ್ದಕ್ಕಲ್ಲ. ಅಷ್ಟು ದಿನ ಒಬ್ಬಳೇ ಅದನ್ನು ಹೊತ್ತುಕೊಂಡು ತಿರುಗಿದ್ದೀಯಲ್ಲ, ಅದಕ್ಕೆ. ನನ್ನ ಕಾಗದ ಕಂಡಾಗ ನಿನಗೆ ಏನನ್ನಿಸಿರಬೇಕು ಎಂದು ಆಗ ತಿಳಿಯಿತು. ನಾನು ನಿನ್ನ ವಿಷಯ ತಿಳಿದು ಬರೆದದ್ದಲ್ಲ ದೀಪಾ. ದೇವರಾಣೆಗೂ ಅಲ್ಲ.

ಸಿಸ್ಟರ್ ಎನ್ನುವವರು ಯಾರೂ ಇಲ್ಲ. ಕಲಿಯುತ್ತಿರುವವಳು ನಾನೇ. ಈ ವಯಸ್ಸಿನಲ್ಲಿ ಅವ್ವನಿಗೆ ಇದೆಂಥ ಹುಚ್ಚು ಎಂದು ನಗುತ್ತೀಯ ಎಂದು ಹೇಳಲಿಲ್ಲ. ಯಾಕೆ ಕಲಿಯುತ್ತಿದ್ದೇನೆ ಎನ್ನುವುದನ್ನು ನೀನು ಎದುರಿಗೆ ಬಂದಾಗ ಹೇಳುತ್ತೇನೆ. ಕಲಿಯದೆ ಬಿಡುವುದಿಲ್ಲ ಎನ್ನುವುದನ್ನು ಈಗಲೇ ಹೇಳುತ್ತೇನೆ. ಅಂಕದ ಮಾಸ್ತರರ ಪಾಠ ನನಗೆ ಆಗಿಬರಲಿಲ್ಲ. ಸೂತ್ರ ಎಲ್ಲಿಂದ ಬಂತು, ಯಾಕೆ ಬಂತು ಎಂದು ಅವರು ಹೇಳುವುದೇ ಇಲ್ಲ. ಬೇರೆ ಹುಡುಕು. ಹುಡುಕುವಾಗ ನೀನೂ ನೋಡು.

ಅವ್ವ


ಸಾಗರ
೨ ಏಪ್ರಿಲ್ ೨೦೨೪

ಅವ್ವಾ,

ಮೊದಲು ಅತ್ತುಬಿಟ್ಟೆ, ಆಮೇಲೆ ನಕ್ಕೆ. ನಿನ್ನ ಮೇಲೆ ನಗಲಿಲ್ಲ.

ಈ ಸಲ ಕಾಟಾಚಾರಕ್ಕೆ ಹುಡುಕಲಿಲ್ಲ. ಭಾನುವಾರ ಬೆಳಿಗ್ಗೆಯಿಂದ ಲಿಖಿತಾಳನ್ನೂ ಕೂರಿಸಿಕೊಂಡು ಒಂದೊಂದೇ ವಿಡಿಯೊ ನೋಡಿದೆ. ಮೊದಲ ಹತ್ತು ನಿಮಿಷದಲ್ಲಿ ನನಗೆ ಅರ್ಥವಾಗದಿದ್ದರೆ ಅದು ಹೊರಗೆ. ಕೆಲವರು ಬೋರ್ಡಿಗೆ ಮುಖ ಮಾಡಿಕೊಂಡು ಗೋಡೆಗೆ ಪಾಠ ಹೇಳುತ್ತಾರೆ. ಕೆಲವರದ್ದು ಎರಡು ಪಾಠ ಪುಕ್ಕಟೆ, ಮೂರನೆಯದಕ್ಕೆ ದುಡ್ಡು. ಕೊನೆಗೆ ಸರ್ಕಾರದ ಉಚಿತ ಪಾಠಗಳ ಜಾಲತಾಣದಲ್ಲಿ ಒಬ್ಬ ಮೇಡಂ ಸಿಕ್ಕಿದರು. ಹತ್ತಿಯ ಸೀರೆ, ಕೈಯಲ್ಲಿ ಒಂದು ಸೀಮೆಸುಣ್ಣ, ಅಷ್ಟೇ. ಒಂದು ಆಸ್ಪತ್ರೆಯ ಉದಾಹರಣೆಯಿಂದಲೇ ಶುರು ಮಾಡುತ್ತಾರೆ. ಪೂರ್ತಿ ಕೋರ್ಸ್ ಇಳಿಸಿಕೊಂಡಿದ್ದೇನೆ. ಅವರ ಇಂಗ್ಲಿಷ್ ನಿಧಾನ. ಆದರೂ ಪ್ರತಿ ಪಾಠಕ್ಕೆ ನಾನು ಕನ್ನಡದಲ್ಲಿ ಟಿಪ್ಪಣಿ ಬರೆದು ಇದರ ಜೊತೆ ಇಟ್ಟಿದ್ದೇನೆ. ವಿಡಿಯೊ ನಿಲ್ಲಿಸಿ ಓದಿಕೋ, ಮತ್ತೆ ಮುಂದಕ್ಕೆ ಹೋಗು.

ಬರೆಯುತ್ತಾ ಬರೆಯುತ್ತಾ ಒಂದು ವಿಚಿತ್ರ ಆಯಿತು. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತಿದ್ದ 'ವಿಚಲನೆ', ಅಂದರೆ ಒಂದೊಂದು ಅಂಕಿ ಸರಾಸರಿಯಿಂದ ಎಷ್ಟು ದೂರ ಎನ್ನುವುದನ್ನು ನಿನಗೆ ತಿಳಿಯುವ ಹಾಗೆ ಹೇಳಲು ಹೋಗಿ, ನನಗೇ ಮೊದಲ ಸಲ ತಿಳಿಯಿತು.

೩ ಏಪ್ರಿಲ್, ಸಂಜೆ

ಕಾಗದ ಮಡಿಸಿಟ್ಟಿದ್ದೆ. ಇವತ್ತು ಲೈಬ್ರರಿಯಲ್ಲಿ ಹಳೆಯ ಪೇಪರ್ ಕಟ್ಟು ಜೋಡಿಸುತ್ತಿದ್ದಾಗ ಕಣ್ಣಿಗೆ ಬಿತ್ತು. 'ಕಲ್ಮಕ್ಕಿ: ಮಂಗನ ಕಾಯಿಲೆಗೆ ಒಬ್ಬ ಬಲಿ.' ಬೆಳ್ಳಪ್ಪ ಮಾವನ ಫೋಟೊ. ಜನವರಿ ತಿಂಗಳ ಪೇಪರು!

'ಮನೆಯಲ್ಲಿ ಎಲ್ಲ ಸರಿಯಾಗಿದೆ' ಎಂದು ಬರೆದೆಯಲ್ಲ ಅವ್ವಾ. ನನ್ನನ್ನು ಬರಬೇಡ ಎಂದದ್ದು ಇದಕ್ಕಾ? ಮೂರು ವಾರ ನಾನು ಏನೇನೋ ಎಣಿಸಿಕೊಂಡು ಸಾಯುತ್ತಿದ್ದೆ. ಜ್ವರ ಬಂದವರ ಮನೆಗೆಲ್ಲ ಹೋಗುವವಳು ನೀನು. ನಿನಗೆ ಏನಾದರೂ ಆಗಿದ್ದರೆ ಅದನ್ನೂ ನಾನು ಪೇಪರಿನಲ್ಲೇ ಓದಬೇಕಾಗಿತ್ತಾ? ನಾನು ಒಂದು ಪೇಪರ್ ಮುಚ್ಚಿಟ್ಟೆ. ನೀನು ಒಂದು ಸಾವು ಮುಚ್ಚಿಟ್ಟೆ.

ಇದ್ದದ್ದು ಇದ್ದ ಹಾಗೆ ಬರೆ. ಇಲ್ಲದಿದ್ದರೆ ಮುಂದಿನ ವಾರವೇ ಬಸ್ ಹತ್ತುತ್ತೇನೆ.

ದೀಪಾ


ಕಲ್ಮಕ್ಕಿ
೭ ಏಪ್ರಿಲ್ ೨೦೨೪

ಮಗಾ,

ಬಸ್ ಹತ್ತಬೇಡ. ಎಲ್ಲ ಬರೆಯುತ್ತೇನೆ.

ಡಿಸೆಂಬರ್ ಕೊನೆಗೆ ಮೇಲಿನ ಕಾಡಿನಲ್ಲಿ ಮಂಗ ಸತ್ತು ಬಿದ್ದದ್ದು ಕಂಡಿತು. ಅಂಥ ಕಡೆ ತರಗೆಲೆಯಲ್ಲಿ ರಕ್ತ ಹೀರುವ ಉಣುಗು ಇರುತ್ತದೆ, ಕಚ್ಚಿದರೆ ಜ್ವರ. ನಿನಗೆ ತಿಳಿಯದ್ದೇನಲ್ಲ. ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಎಣ್ಣೆಯನ್ನು ಆಸ್ಪತ್ರೆಯಿಂದ ಕೊಟ್ಟರು. ನಾನೇ ಮನೆಮನೆಗೆ ಹಂಚಿದೆ. ಬೆಳ್ಳಪ್ಪಣ್ಣನಿಗೆ ಕೈಗೂ ಕಾಲಿಗೂ ಹಚ್ಚುವ ಕ್ರಮ ತೋರಿಸಿಕೊಟ್ಟವಳೂ ನಾನೇ. ಅವರು ತಪ್ಪದೆ ಹಚ್ಚಿಕೊಂಡು ಸೊಪ್ಪಿಗೆ ಹೋಗುತ್ತಿದ್ದರು. ಅವರಿಗೇ ಬಂತು. ತೀರ್ಥಹಳ್ಳಿಗೆ ಕರೆದುಕೊಂಡು ಹೋದೆವು, ಅಲ್ಲಿಂದ ಮುಂದಕ್ಕೆ ಕಳಿಸಿದರು. ಉಳಿಯಲಿಲ್ಲ.

ಆಮೇಲೆ ಶಾಲೆಯ ಜಗಲಿಯಲ್ಲಿ ಸಭೆ ಮಾಡಿದೆವು. ನಾನು ಎಣ್ಣೆಯ ವಿಷಯ ಎತ್ತಿದೆನೋ ಇಲ್ಲವೋ, ಯೋಗರಾಜ ಎದ್ದು ನಿಂತ. 'ಹಚ್ಚಿದ ಬೆಳ್ಳಪ್ಪಣ್ಣ ಹೋದ. ಹಚ್ಚದ ನಾನು ಇಲ್ಲಿ ನಿಂತೀನಿ. ಇನ್ನೆಂಥ ಲೆಕ್ಕ ಬೇಕು ನಿಮ್ಗೆ?' ಎಂದ. ಜನ ಹೌದು ಹೌದು ಎಂದರು. ಗಂಡನನ್ನು ಕಳೆದುಕೊಂಡ ಕನ್ನಮ್ಮಕ್ಕ ಕಂಬಕ್ಕೆ ಒರಗಿ ಕೂತಿದ್ದಳು. ಅವಳು ಕೂಗಲಿಲ್ಲ. 'ನೀನು ಹೇಳ್ದಂಗೇ ಹಚ್ಕಂಡು ಹೋಗಿದ್ರಲ್ಲೇ ಹಾಲಮ್ಮಾ. ಮತ್ಯಾಕೆ ಬಂತು? ಅದ್ರಿಂದ ಉಪ್ಯೋಗ ಐತೋ ಇಲ್ವೋ, ನಿಂಗೆ ಗೊತ್ತಾ?' ಎಂದು ಕೇಳಿದಳು.

ನಿಜ ಹೇಳುತ್ತೇನೆ ದೀಪಾ. ಮೇಲಿನವರು ಹೇಳಿದ್ದನ್ನು ನಾನು ಹೇಳಿದ್ದೆ. ನನಗಾಗಿ ನನಗೆ ಏನೂ ಗೊತ್ತಿರಲಿಲ್ಲ. ಆ ದಿನದಿಂದ ಯಾರೂ ಎಣ್ಣೆ ಮುಟ್ಟುತ್ತಿಲ್ಲ. ಅವಳ ಪ್ರಶ್ನೆಗೆ ಉತ್ತರ ಕೊಡಬೇಕು, ಸುಮ್ಮನೆ ಸಮಾಧಾನಕ್ಕಲ್ಲ, ತಿಳಿದು ಕೊಡಬೇಕು ಎಂದು ಮನಸ್ಸು ಹಠ ಹಿಡಿಯಿತು. ನಮ್ಮ ಹೊಸ ಡಾಕ್ಟರು ಹರ್ಷವರ್ಧನ್ ಅವರನ್ನು ಕೇಳಿದೆ. 'ಇದಕ್ಕೆ ಸ್ಟಾಟಿಸ್ಟಿಕ್ಸ್ ಬೇಕು ಹಾಲಮ್ಮ. ನಿಮಗೆ ಕೂತು ಹೇಳಿಕೊಡೋಷ್ಟು ಹೊತ್ತು ಈಗ ನನ್ನ ಹತ್ರ ಇಲ್ಲ' ಎಂದರು. ಸುಳ್ಳಲ್ಲ, ಪಾಪ, ಮೂರು ಊರಿಗೆ ಒಬ್ಬರೇ ಓಡಾಡುತ್ತಾರೆ. ಅದಕ್ಕೇ ನಿನಗೆ ಬರೆದೆ.

ಈಗ ಹೆದರಿಕೆಯ ವಿಷಯ. ನಿನ್ನ ಮೇಡಂ ಹೇಳಿದ ಹಾಗೆ ನಾಲ್ಕು ಚೌಕ ಎಳೆದು ಊರಿನವರನ್ನೆಲ್ಲ ತುಂಬಿಸಿದೆ. ಸಭೆಗೆ ಮುಂಚೆ ಹಚ್ಚಿದವರು, ಹಚ್ಚದವರು, ಜ್ವರ ಬಂದವರು, ಬಾರದವರು. ನೋಡಿದರೆ ಹಚ್ಚಿದವರಲ್ಲೇ ಜ್ವರ ಹೆಚ್ಚು! ಎರಡು ಸಲ, ಮೂರು ಸಲ ಎಣಿಸಿದೆ. ಅಷ್ಟೇ ಬರುತ್ತದೆ. ಯೋಗರಾಜ ಹೇಳಿದ್ದೇ ನಿಜವೇ? ನಾನು ಮನೆಮನೆಗೆ ಹೊತ್ತುಕೊಂಡು ಹೋದದ್ದು ಏನನ್ನು?

ನಾನು ಚೆನ್ನಾಗಿದ್ದೇನೆ. ಈ ಜ್ವರಕ್ಕೆ ಈಗ ಲಸಿಕೆಯೂ ಇಲ್ಲ, ಸುಡುಗಾಡೂ ಇಲ್ಲ, ಆದರೆ ಜಾಗ್ರತೆ ಇದೆ.

ಅವ್ವ


ಸಾಗರ
೧೧ ಏಪ್ರಿಲ್ ೨೦೨೪

ಅವ್ವಾ,

ಮೊದಲು ಸಮಾಧಾನ ಮಾಡಿಕೋ. ಇವತ್ತೇ ಬರೆದು ಇವತ್ತೇ ಅಭಿಷೇಕಣ್ಣನ ಕೈಗೆ ಕೊಡುತ್ತಿದ್ದೇನೆ.

ನಿನ್ನ ಚೌಕದ ವಿಷಯ ಓದಿ ನಾನೂ ಹೆದರಿದೆ. ಆಮೇಲೆ ಕಾರ್ಡಿನಲ್ಲಿ ಇರುವ ಮುಂದಿನ ಪಾಠವನ್ನು ಮತ್ತೆ ಹಾಕಿಕೊಂಡು ಕೂತೆ. ನೀನು ಅಲ್ಲಿಯವರೆಗೆ ಬಂದಿಲ್ಲ ಅಷ್ಟೇ. ಮೇಡಂ ಅವರ ಉದಾಹರಣೆ ಬೇರೆ, ನಾನು ನಮ್ಮದೊಂದು ಹೇಳುತ್ತೇನೆ. ಆಷಾಢದಲ್ಲಿ ಸಾಗರದ ಪೇಟೆಯಲ್ಲಿ ನಿಂತು ಲೆಕ್ಕ ಹಾಕು. ಕೊಡೆ ಹಿಡಿದವರ ಕಾಲೆಲ್ಲ ಒದ್ದೆ. ಕೊಡೆ ಇಲ್ಲದವರು ಅಂಗಡಿಯೊಳಗೆ ಒಣಗಿಕೊಂಡು ಕೂತಿದ್ದಾರೆ. ಹಾಗಾದರೆ ಕೊಡೆ ಹಿಡಿದರೆ ನೆನೆಯುತ್ತೇವೆ ಎನ್ನಬಹುದೇ? ಕೊಡೆ ಹಿಡಿದವರು ಮಳೆಗೆ ಇಳಿದವರು ಅವ್ವಾ.

ಎಣ್ಣೆ ಹಚ್ಚಿದವರು ಯಾರು? ಸೊಪ್ಪಿಗೆ, ಸೌದೆಗೆ, ದನದ ಹಿಂದೆ ದಿನಾ ಕಾಡಿಗೆ ಹೋಗುವವರು. ಹಚ್ಚದ ಯೋಗರಾಜಣ್ಣ ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆ ಬಿಟ್ಟು ಏಳುವುದೇ ಇಲ್ಲವಲ್ಲ, ಅವನಿಗೆ ಉಣುಗು ಎಲ್ಲಿಂದ ಹತ್ತಬೇಕು? ಅಂಗಡಿಯಲ್ಲಿ ಕೂತವನನ್ನು ಕಾಡಿಗೆ ಹೋದವರ ಜೊತೆ ಹೋಲಿಸಬೇಡ. ಕಾಡಿಗೆ ಹೋಗುವವರನ್ನು ಮಾತ್ರ ಬೇರೆ ತೆಗೆ. ಅವರಲ್ಲಿ ಹಚ್ಚಿದವರು, ಹಚ್ಚದವರು ಎಂದು ಹೊಸ ಚೌಕ ಎಳೆ.

ಇದನ್ನು ಬರೆಯುವಾಗ ನಾನು ಫೇಲಾದವಳು ಎನ್ನುವುದೇ ಮರೆತುಹೋಗಿತ್ತು. ಆಗಸ್ಟಿನಲ್ಲಿ ಮರುಪರೀಕ್ಷೆ. ಲಿಖಿತಾಳೂ ನಾನೂ ಕಟ್ಟಿದ್ದೇವೆ.

ನೀನು ಗುಡ್ಡದ ಕಡೆ ಹೋಗಬೇಡ. ಫೋನ್ ಬೇಡವೇ ಬೇಡ.

ದೀಪಾ


ಕಲ್ಮಕ್ಕಿ
೯ ಜೂನ್ ೨೦೨೪

ದೀಪಾ,

ಮಳೆ ಹಿಡಿಯಿತು. ಜ್ವರ ನಿಂತಿತು. ಈಗ ಬಾ. ಮೊದಲೇ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಒಂದೊಂದೇ ಮನೆಗೆ ಹೋಗಿ, ಕಾಡಿಗೆ ಯಾರು ಎಷ್ಟು ಹೋಗುತ್ತಿದ್ದರು ಎಂದು ಕೇಳುತ್ತಿದ್ದೆ. ಅರ್ಧ ಜನಕ್ಕೆ ನೆನಪಿಲ್ಲ, ಉಳಿದವರು ನನಗೆ ಖುಷಿಯಾಗಲಿ ಎಂದು ಏನೋ ಒಂದು ಹೇಳುತ್ತಾರೆ.

ನೀನು ಹೇಳಿದ ಹಾಗೆ ಮಾಡಿದೆ. ಕಾಡಿಗೆ ಹೋಗುವವರನ್ನು ಮಾತ್ರ ತೆಗೆದರೆ ಲೆಕ್ಕ ತಿರುಗಿ ಬಿತ್ತು. ಹಚ್ಚಿದವರಲ್ಲಿ ಜ್ವರ ಕಡಿಮೆ. ಕುಣಿಯುವಷ್ಟು ಸಂತೋಷವಾಯಿತು. ಮರುದಿನವೇ ಡಾಕ್ಟರ ಹತ್ತಿರ ಹೋದೆ. ಅವರು ಕುರ್ಚಿ ಎಳೆದು ಕೂರಿಸಿ, ಪೂರ್ತಿ ನೋಡಿದರು. 'ಯೋಚನೆ ಸರಿಯಾಗಿದೆ ಹಾಲಮ್ಮ. ಆದ್ರೆ ಜನ ಬಹಳ ಕಡಿಮೆ. ಇಷ್ಟು ವ್ಯತ್ಯಾಸ ಸುಮ್ಮನೆ ಅದೃಷ್ಟದಿಂದಲೂ ಬರಬಹುದು. ಇಬ್ಬರು ಆ ಕಡೆಯಿಂದ ಈ ಕಡೆಗೆ ಬಂದ್ರೂ ಎಲ್ಲ ಬದಲಾಗುತ್ತೆ' ಎಂದರು. ಬೇರೆ ಕಡೆ ದೊಡ್ಡದಾಗಿ ನೋಡಿಯೇ ಈ ಎಣ್ಣೆ ಕೊಡುತ್ತಿದ್ದಾರೆ, ಹಂಚುವುದನ್ನು ನಿಲ್ಲಿಸಬೇಡಿ, ಆದರೆ ಕಲ್ಮಕ್ಕಿಯ ಲೆಕ್ಕವೊಂದರಿಂದ ಅದನ್ನು ಸಾಬೀತು ಮಾಡಿದೆ ಎನ್ನಬೇಡಿ, ಎಂದೂ ಹೇಳಿದರು. ನನಗೆ ಅಳು ಬಂತು. ಮನೆಗೆ ಬಂದು ಮೇಡಂ ಅವರ ಆ ಪಾಠ ಮತ್ತೆ ಹಾಕಿದೆ. ಅವರು ಹೇಳಿದ್ದೂ ಅದನ್ನೇ. ಮೊದಲು ನೋಡಿದಾಗ ನನ್ನ ಕಿವಿಗೆ ಅದು ಬಿದ್ದಿರಲಿಲ್ಲ, ಅಷ್ಟೇ.

ಸಂಜೆ ಕನ್ನಮ್ಮಕ್ಕನ ಮನೆಗೆ ಹೋದೆ. ಅವಳು ಕೇಳಿದ್ದಕ್ಕೆ ಉತ್ತರ ಕೊಡಲೇಬೇಕಿತ್ತಲ್ಲ. 'ಎಣ್ಣೆ ಒಳ್ಳೇದು ಅಂತ ದೊಡ್ಡೋರು ನೋಡಿ ಹೇಳ್ಯಾರೆ ಅಕ್ಕಾ. ಹಚ್ಚಿದ್ರೂ ಕೆಲವ್ರಿಗೆ ಬರುತ್ತೆ. ನಮ್ಮೂರಲ್ಲಿ ಎಷ್ಟು ಜನಕ್ಕೆ ತಪ್ಪಿಸ್ತು, ಬೆಳ್ಳಪ್ಪಣ್ಣಂಗೆ ಯಾಕೆ ತಪ್ಪಿಸ್ಲಿಲ್ಲ, ನಂಗೆ ಗೊತ್ತಿಲ್ಲ' ಎಂದೆ.

'ಗೊತ್ತಿಲ್ಲ ಅನ್ನಕೆ ಇಷ್ಟು ತಿಂಗ್ಳು ಓದಿದ್ಯಾ?' ಎಂದಳು.

'ಹೂಂ' ಎಂದೆ. ಅವಳು ಎದ್ದು ಒಳಗೆ ಹೋದಳು. ಚಾ ಕೊಡಲಿಲ್ಲ.

ಹಾಗೆಂದು ಬಿಡುವವಳಲ್ಲ ನಾನು. ನೆನಪಿನಿಂದ ಕೇಳಿದರೆ ಆಗುವುದಿಲ್ಲ ಎನ್ನುವುದು ಗೊತ್ತಾಯಿತಲ್ಲ. ಮುಂದಿನ ಸಲ ಚಳಿ ಶುರುವಾಗುವಾಗಲೇ ಆರಂಭಿಸಬೇಕು. ಡಾಕ್ಟರು ಸುತ್ತಲಿನ ಊರುಗಳ ಆಶಾಗಳನ್ನೂ ಸೇರಿಸುತ್ತೇನೆ ಎಂದಿದ್ದಾರೆ. ಜನ ಹೆಚ್ಚು ಆಗುತ್ತಾರೆ. ಅಷ್ಟರೊಳಗೆ ಉಳಿದ ಪಾಠ ಮುಗಿಸಬೇಕು. ಬರುವಾಗ ಟಿಪ್ಪಣಿ ತಾ.

ಅವ್ವ


ಸಾಗರ
೨೦ ಅಕ್ಟೋಬರ್ ೨೦೨೪

ಅವ್ವಾ,

ಪಾಸಾದೆ! ಲಿಖಿತಾಳೂ ಪಾಸು. ಈ ಸಲ ಕಾಲೇಜಿನ ಬೋರ್ಡಿನ ಮುಂದೆ ನಿಂತು ಇಬ್ಬರೂ ಕಿರುಚಿದೆವು, ವಾಚ್‌ಮನ್ ಗಣೇಶಮೂರ್ತಿ ಓಡಿ ಬಂದರು.

ದೊಡ್ಡ ಪ್ರಶ್ನೆಯಲ್ಲಿ ಎರಡು ಗುಂಪಿನ ಲೆಕ್ಕವನ್ನೇ ಕೇಳಿದ್ದರು. ಲೆಕ್ಕ ಮುಗಿಸಿ ಸುಮ್ಮನಿರದೆ ಕೆಳಗೆ ಇನ್ನೊಂದು ಮಾತು ಬರೆದೆ, ಈ ಗುಂಪುಗಳು ಮೊದಲಿನಿಂದಲೇ ಬೇರೆಬೇರೆಯಾಗಿದ್ದರೆ ಈ ಉತ್ತರವನ್ನು ನಂಬಬಾರದು ಎಂದು. ಅದಕ್ಕೆ ಅಂಕ ಕೊಟ್ಟರೋ ಇಲ್ಲವೋ ಗೊತ್ತಿಲ್ಲ. ಬರೆಯದೆ ಇರಲು ಆಗಲಿಲ್ಲ.

ಜೂನ್‌ನಲ್ಲಿ ನೀನೂ ನಾನೂ ಕೂತು, ಊರವರನ್ನು ಕೇಳಲೆಂದು ಮಾಡಿದ ಪ್ರಶ್ನೆಗಳ ಹಾಳೆಯನ್ನು ಜೆರಾಕ್ಸ್ ಮಾಡಿಸಿ ಕಳಿಸಿದ್ದೇನೆ. ನಮ್ಮ ವಿಡಿಯೊ ಮೇಡಂ ಅವರ ಮುಂದಿನ ಕೋರ್ಸ್ ಕೂಡ ಸಿಕ್ಕಿತು, ಅದೂ ಪುಕ್ಕಟೆ. ಜಾಲತಾಣದಲ್ಲಿ ಅವರಿಗೆ ಪ್ರಶ್ನೆ ಬರೆಯುವ ಜಾಗ ಇದೆ. ನಿನ್ನ ವಿಷಯ ಬರೆಯಲಾ ಎಂದುಕೊಂಡೆ, ನೀನು ಒಪ್ಪಿದರೆ ಮಾತ್ರ.

ಈ ಸಲ ಏನು ನಡೆದರೂ ಬರೆ. ನಾನೂ ಬರೆಯುತ್ತೇನೆ.

ದೀಪಾ


ಕಲ್ಮಕ್ಕಿ
೧೫ ಡಿಸೆಂಬರ್ ೨೦೨೪

ದೀಪಾ,

ಮೇಡಂಗೆ ಬರೆಯುವುದಾದರೆ ಮುಂದಿನ ಮಳೆಗಾಲಕ್ಕೆ ಬರೆ. ಆಗ ಏನಾದರೂ ಹೇಳಲು ಇರುತ್ತದೆ.

ಈ ವಾರದಿಂದ ಮನೆಮನೆಯ ಲೆಕ್ಕ ಶುರು ಮಾಡಿದೆ. ಮೇಲಿನ ಕಾಡಿನಲ್ಲಿ ಮತ್ತೆ ಒಂದು ಮಂಗ ಸತ್ತಿದೆ, ಏನು ನಡೆದರೂ ಬರೆ ಎಂದಿದ್ದೆಯಲ್ಲ, ಅದಕ್ಕೇ ಬರೆದೆ. ಜ್ವರ ಇನ್ನೂ ಯಾರಿಗೂ ಬಂದಿಲ್ಲ. ಎಣ್ಣೆ ಬಂದಿದೆ, ಹಂಚಿದೆ. ಕೆಲವರು ತೆಗೆದುಕೊಂಡರು. ಯೋಗರಾಜ 'ನನ್ನ ಹೆಸ್ರು ಬರ್ಕಬೇಡ' ಎಂದ. 'ನೀವು ಕಾಡಿಗೇ ಹೋಗಲ್ವಲ್ಲ ಅಣ್ಣಾ, ನೀವು ಈ ಲೆಕ್ಕಕ್ಕೆ ಬರದೇ ಇಲ್ಲ' ಎಂದೆ. ಅಂಗಡಿಯಲ್ಲಿದ್ದವರು ನಕ್ಕರು. ಅವನ ಮುಖ ನೋಡಬೇಕಿತ್ತು.

ಕನ್ನಮ್ಮಕ್ಕನ ಮನೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ನಾನು ಹೋದಾಗ ಸೊಪ್ಪಿನ ಹೊರೆ ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದಳು. ಈಗ ಅವಳೇ ಕಾಡಿಗೆ ಹೋಗುತ್ತಾಳೆ.

'ಎಂಥ ಬರೀತೀಯೇ ಅದು?' ಎಂದಳು.

'ವಾರದಲ್ಲಿ ಎಷ್ಟು ಸಲ ಕಾಡಿಗೆ ಹೋದ್ರಿ, ಎಣ್ಣೆ ಹಚ್ಕಂಡ್ರಾ, ಜ್ವರ ಬಂತಾ, ಇಷ್ಟೇ.'

'ನಾನು ಹಚ್ಚಲ್ಲ.'

'ಹಚ್ಚಿ ಅಂತ ಹೇಳೋದು ನನ್ ಕೆಲ್ಸ ಅಕ್ಕಾ. ವಾರವಾರ ಬಂದು ಹೇಳ್ತೀನಿ. ಬೈದ್ರೂ ಬರ್ತೀನಿ.'

ಅವಳು ನನ್ನ ಕೈಯಲ್ಲಿದ್ದ ಹಾಳೆಯನ್ನು ಬಗ್ಗಿ ನೋಡಿದಳು. 'ಹಚ್ಚದೋರನ್ನೂ ಬರೀತೀಯಾ?'

'ಬರೀಲೇಬೇಕು. ಇಲ್ದಿದ್ರೆ ಯಾರ ಜೊತೆ ಹೋಲ್ಸದು?'

'ಹಂಗಾರೆ ಬರ್ಕ' ಎಂದಳು. ಜಗಲಿಯ ಮೇಲೆ ಸರಿದು ನನಗೆ ಕೂರಲು ಜಾಗ ಮಾಡಿಕೊಟ್ಟಳು. 'ಕನ್ನಮ್ಮ. ಬೆಳ್ಳಪ್ಪನ ಹೆಂಡ್ತಿ. ದಿನಾ ಹೋಗ್ತಾಳೆ. ಎಣ್ಣೆ ಹಚ್ಚಲ್ಲ. ಇದ್ದಿದ್ದು ಇದ್ದಂಗೇ ಬರ್ಕ. ನಾಳೆ ನಂಗೇನಾರ ಆದ್ರೂ ಅಳಿಸ್ಬ್ಯಾಡ.'

ಬರೆದೆ ದೀಪಾ. ಅಕ್ಷರ ಸೊಟ್ಟ ಬಿತ್ತು, ಆದರೂ ಅವಳು ಹೇಳಿದ ಹಾಗೇ ಬರೆದೆ. ಏಳುವಾಗ ಎಣ್ಣೆಯ ಬಾಟಲಿಯನ್ನು ಜಗಲಿಯ ಮೇಲೆ ಇಟ್ಟೆ. ತೆಗೆದುಕೊಂಡು ಹೋಗು ಎನ್ನಲಿಲ್ಲ, ಒಳಗೂ ಇಡಲಿಲ್ಲ. ಅಂಗಳ ದಾಟಿ ತಿರುಗಿ ನೋಡಿದರೆ ಅದರ ಪಕ್ಕದಲ್ಲೇ ಕೂತಿದ್ದಳು.

ಸೋಮವಾರ ಮತ್ತೆ ಹೋಗುತ್ತೇನೆ.

ಅವ್ವ